ಕೂದಲು ಒಣಗುವ ತನಕ

ನಮ್ಮ ಮೇಲಿನ ಮನೆಯ ಇಸ್ತ್ರಿಯಾಕೆಯ ಕೂದಲನ್ನು ಕಣ್ಣಾರೆ ಕಂಡವರು ಬಹಳ ಕಡಿಮೆ. ಅದಕ್ಕೆ ಸಲಹೆ ಕೊಟ್ಟವರಿಗೆ ಮಾತ್ರ ಲೆಕ್ಕವಿಲ್ಲ.

ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯಲ್ಲಿ ಆಕೆಗೆ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಆವಿ ಇಸ್ತ್ರಿಯ ಮುಂದೆ ನಿಂತಿರುತ್ತಾಳೆ. ಕೋಟು, ಪರದೆ, ಹೋಟೆಲಿನ ಹಾಸು ಬಟ್ಟೆ, ಯಾವುದರ ಸುಕ್ಕೂ ಆಕೆಯ ಕೈಯಲ್ಲಿ ಉಳಿಯುವುದಿಲ್ಲ. ತಲೆಯ ಮೇಲಿನ ಸುರುಳಿ ಮಾತ್ರ ಹುಟ್ಟಿದಾಗಿನಿಂದ ಹಾಗೇ ಇದೆ. ಒಂದು ಎಳೆಯನ್ನು ಎಳೆದು ಬಿಟ್ಟರೆ ಸರಕ್ಕನೆ ಸುತ್ತಿಕೊಂಡು ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ತವರಿನವರು ಆಕೆಯನ್ನು ಇವತ್ತಿಗೂ ಸ್ಪ್ರಿಂಗು ಅಂತಲೇ ಕರೆಯುತ್ತಾರೆ.

ಹಿಜಾಬ್ ಆಕೆ ಇಷ್ಟಪಟ್ಟು ಹಾಕಿಕೊಂಡದ್ದು. ಅದರ ಮೇಲೆ ಆಕೆಗೆ ಒಂದು ದಿನವೂ ಬೇಸರ ಬಂದದ್ದಿಲ್ಲ. ತಾಪತ್ರಯವೆಲ್ಲ ಒಣಗಿಸುವುದರಲ್ಲಿ. ಗುಂಗುರು ಕೂದಲು ನೀರನ್ನು ಕುಡಿದು ಕೂತುಬಿಡುತ್ತದೆ, ಬಿಡು ಅಂದರೆ ಬಿಡುವುದಿಲ್ಲ. ಟವೆಲಿನಲ್ಲಿ ಉಜ್ಜಿದರೆ ಪೊದೆಯಾಗುತ್ತದೆ. ಅದರ ಪಾಡಿಗೆ ಬಿಚ್ಚಿ ಹರವಿ ಸುಮ್ಮನೆ ಕೂರಬೇಕು. ಕೂರುವುದೆಲ್ಲಿ? ಇರುವುದು ಎರಡು ಕೋಣೆ, ನಡುವೆ ಬಾಗಿಲಿಲ್ಲದೆ ಬರೀ ಪರದೆ, ಒಂದು ಅಡುಗೆಮನೆ. ಗಂಡ ಸಾಮಾನು ಸಾಗಿಸುವ ವ್ಯಾನಿನ ಡ್ರೈವರ್. ಜೊತೆಗೆ ಅತ್ತೆ. ಕೆಲಸ ಹೋದ ಮೇಲೆ ಅಣ್ಣನ ಮನೆಗೆ ಬಂದ ಮೈದುನ ಮುಂದಿನ ಕೋಣೆಯ ಸೋಫಾದಿಂದ ಎದ್ದದ್ದೇ ಅಪರೂಪ. ಒಳ್ಳೆಯವನು, ಬೈಯೋಣವೆಂದರೂ ಕಾರಣ ಸಿಗದಷ್ಟು ಒಳ್ಳೆಯವನು. ಅವನೆದುರು ತಲೆ ತೆರೆಯುವಂತಿಲ್ಲ. ತಾರಸಿಗೆ ಹೋದರೆ ಸುತ್ತಲಿನ ತಾರಸಿಗಳಿಗೆಲ್ಲ ಕಣ್ಣಿವೆ. ಬಚ್ಚಲಲ್ಲಿ ಕೂತರೆ ಯಾರಿಗಾದರೂ ಆಗಲೇ ಅವಸರ.

ಹೀಗಾಗಿ ದಿನವೂ ಹಸಿ ಕೂದಲನ್ನೇ ಬಿಗಿಯಾಗಿ ತುರುಬು ಕಟ್ಟಿ, ಅದರ ಮೇಲೆ ಒಳಟೋಪಿ ಎಳೆದು, ಅದರ ಮೇಲೆ ಹಿಜಾಬ್ ಸುತ್ತಿ ಪಿನ್ನು ಚುಚ್ಚಿ ಓಡುವುದು. ಅಂಗಡಿಗೆ ಹೋದರೆ ಅಲ್ಲಿ ಆವಿ.

ಅಂಗಡಿಯಲ್ಲಿ ಗುಂಡಿ ಹೊಲಿಯುವಾಕೆಯನ್ನು ಎಲ್ಲರೂ ಗುಂಡಿ ಅಕ್ಕ ಅನ್ನುತ್ತಾರೆ. ಅವಳು ಒಂದು ಮಧ್ಯಾಹ್ನ ಮೂಗು ಅರಳಿಸಿ, "ಯಾರೋ ಹಸಿ ಬಟ್ಟೆ ಮಡಚಿಟ್ಟಿದಾರೆ ಕಣೇ. ಮುಗ್ಗಲು ವಾಸನೆ" ಅಂದಳು.

ಇಸ್ತ್ರಿಯಾಕೆಗೆ ಸಿಟ್ಟು ಬಂತು. ಹಸಿ ಬಟ್ಟೆ ಮಡಚಿದವರನ್ನು ಆಕೆ ಸುಮ್ಮನೆ ಬಿಡುವವಳಲ್ಲ. ಇಬ್ಬರೂ ಸೇರಿ ಕಪಾಟಿನ ಅಂಗಿಗಳನ್ನು ಒಂದೊಂದಾಗಿ ತೆಗೆದು ಮೂಸಿದರು. ಯಾವುದರಲ್ಲೂ ವಾಸನೆ ಇಲ್ಲ. ಕೊನೆಗೆ ಗುಂಡಿ ಅಕ್ಕ ಮೂಸುತ್ತ ಮೂಸುತ್ತ ಇವಳ ಭುಜದ ಹತ್ತಿರ ಬಂದು ನಿಂತಳು.

"ನಾನಾ?"

"ನೀನೇ. ಊರವರ ಬಟ್ಟೆಗೆ ಅಷ್ಟು ಗಲಾಟೆ ಮಾಡ್ತೀಯ. ನಿನ್ನ ತಲೇಲಿ ನೀನೇ ಹಸಿ ಕೂದಲು ಮಡಚಿಟ್ಕೊಂಡಿದೀಯಲ್ಲೇ."

ಆ ಸಂಜೆ ಬಚ್ಚಲಲ್ಲಿ ತುರುಬು ಬಿಚ್ಚಿದಾಗ ಕಿವಿಯ ಹಿಂದೆ ಬೆರಳಿಗೆ ನುಣ್ಣಗಿನ ಚರ್ಮ ತಾಗಿತು. ಕೂದಲಿರಬೇಕಾದ ಜಾಗ.

ಚರ್ಮದ ಡಾಕ್ಟರಮ್ಮ ದೀಪ ಹಿಡಿದು ನೋಡಿದರು. "ಹಿಜಾಬಿಂದೇನೂ ತಪ್ಪಿಲ್ಲಮ್ಮ. ಒಣಗಿದ ಮೇಲೆ ಹಾಕ್ಕೊಳ್ಳಿ, ಎಳೆದು ಕಟ್ಟಬೇಡಿ. ತಲೆಗೆ ಒಂದಷ್ಟು ಹೊತ್ತು ಗಾಳಿ ಬೇಕು. ಹೀಗೇ ಎಳೀತಾ ಹೋದ್ರೆ ಈ ಜಾಗದಲ್ಲಿ ಮತ್ತೆ ಬರೋದು ಕಷ್ಟ" ಅಂದರು.

ಮನೆಗೆ ಬಂದು ಹೇಳಿದಳು. ಅತ್ತೆ ತರಕಾರಿ ಹೆಚ್ಚುತ್ತಿದ್ದವರು ತಲೆ ಎತ್ತಲಿಲ್ಲ. "ಕತ್ತರಿಸಿಬಿಡು. ಹೇಗಿದ್ರೂ ಮುಚ್ಚಿಡೋದೇ ತಾನೇ?"

ಇದೊಂದು ಮಾತು ಕೇಳಿ ಕೇಳಿ ಆಕೆಗೆ ಸಾಕಾಗಿ ಹೋಗಿದೆ. ಉದುರ್ತಿದೆ ಅಂದರೆ, ಹೇಗಿದ್ರೂ ಮುಚ್ಚಿಡೋದೇ ತಾನೇ. ಒಳ್ಳೆಯ ಎಣ್ಣೆ ತರಲಾ ಅಂದರೆ, ಹೇಗಿದ್ರೂ ಮುಚ್ಚಿಡೋದೇ ತಾನೇ. "ಹೊಟ್ಟೇನೂ ಮುಚ್ಚಿಡ್ತೀವಿ ಅತ್ತೆ, ಊಟ ಬಿಡ್ತೀವಾ?" ಅಂತ ಒಮ್ಮೆ ಕೇಳಿದ್ದಕ್ಕೆ, ಬಾಯಿ ಜೋರಾಯ್ತು ಅನ್ನಿಸಿಕೊಂಡಳು.

ನಾದಿನಿ ಫೋನಿನಲ್ಲೇ ದಾರಿ ತೋರಿಸಿದಳು. "ಅತ್ತಿಗೆ, ಪಾರ್ಲರಿಗೆ ಹೋಗಿ ನೇರ ಮಾಡಿಸ್ಕೊಳ್ಳಿ. ದಿನಾ ಊರ ಸುಕ್ಕು ತೆಗೀತೀರ, ನಿಮ್ಮ ತಲೆದು ತೆಗೆಸ್ಕೊಳ್ಳೋಕೆ ಏನು?"

"ಬಿಸಿ ಇಟ್ರೆ ಎಂಥಾ ಬಟ್ಟೆ ಏನಾಗುತ್ತೆ ಅಂತ ಗೊತ್ತಿರೋದ್ರಿಂದಲೇ ಬೇಡ ಅಂತಿರೋದು ಕಣೇ."

ಗಂಡ ಬುದ್ಧಿ ಹೇಳಲಿಲ್ಲ, ಕೂದಲೊಣಗಿಸುವ ಮೆಷಿನ್ ತಂದುಕೊಟ್ಟ. ಪಾಪ, ಪ್ರೀತಿಯಿಂದಲೇ ತಂದದ್ದು. ಅದರ ಬಿಸಿಗಾಳಿಗೆ ಕೂದಲೆಲ್ಲ ಎದ್ದು ನಿಂತು, ತಲೆಯ ಮೇಲೆ ಇನ್ನೊಂದು ತಲೆ ಇಟ್ಟಂತಾಯಿತು. ಒಳಟೋಪಿ ಏರಲೇ ಇಲ್ಲ. ಮತ್ತೆ ನೀರು ಹಚ್ಚಿ ಅದುಮಿ, ಹಸಿಯಾಗಿಯೇ ಕಟ್ಟಿಕೊಂಡು ಹೋದಳು.

"ನಿಮ್ಮ ತಮ್ಮನಿಗೆ ಹೇಳಿ. ರಜಾ ದಿನ ಬೆಳಿಗ್ಗೆ ಸ್ವಲ್ಪ ಹೊತ್ತು ಹೊರಗೆ ಹೋಗಿ ಬರಲಿ" ಅಂದಳು ಗಂಡನಿಗೆ.

"ಕೆಲಸ ಇಲ್ದೆ ಕೂತಿರೋನಿಗೆ ಮನೆಯಿಂದ ಹೊರಗೆ ಹೋಗು ಅಂತ ಹೇಗೆ ಹೇಳ್ಲಿ? ಮನಸ್ಸಿಗೆ ಹಚ್ಕೊಳ್ಳಲ್ವಾ?"

ಅದೂ ನಿಜವೇ. ಆಕೆಗೂ ನೋಯಿಸುವ ಮನಸ್ಸಿಲ್ಲ. ಯಾರ ಮನಸ್ಸೂ ನೋಯದ ಹಾಗೆ ನಡೆದುಕೊಂಡದ್ದಕ್ಕೆ ಉದುರಿದ್ದೆಲ್ಲ ತನ್ನ ತಲೆಯ ಕೂದಲೇ ಎಂದು ಮಾತ್ರ ಅನ್ನಿಸಿತು.

ಮುಂದಿನ ರಜಾ ದಿನ ತಲೆಗೆ ಸ್ನಾನ ಮಾಡಿದವಳು ನೇರ ಅಡುಗೆಮನೆಗೆ ಹೋಗಿ ಒಳಗಿಂದ ಚಿಲಕ ಹಾಕಿಕೊಂಡಳು. ಕಿಟಕಿಗೆ ಬಟ್ಟೆ ಕಟ್ಟಿ, ಮಣೆ ಹಾಕಿ, ಕೂದಲು ಬಿಚ್ಚಿ ಕೂತಳು.

ಮೊದಲು ಗಂಡ ಬಂದ. "ಚಹಾ?"

"ಕೂದಲು ಒಣಗಿದ ಮೇಲೆ."

"ಯಾವಾಗ ಒಣಗುತ್ತೆ?"

"ಕೂದಲನ್ನೇ ಕೇಳಿ."

ಆಮೇಲೆ ಮೈದುನ ಮೆಲ್ಲಗೆ, "ಅತ್ತಿಗೆ, ನೀರು ಕುಡೀಬೇಕಿತ್ತು" ಅಂದ. ಬಚ್ಚಲಲ್ಲಿ ನಲ್ಲಿ ಇದೆ ಅಂದಳು. ಅಂದ ಮೇಲೆ ಕೆಡುಕೆನಿಸಿ ಹೂಜಿಯನ್ನು ಬಾಗಿಲ ಸಂದಿಯಿಂದ ಹೊರಗಿಟ್ಟು ಮತ್ತೆ ಚಿಲಕ ಹಾಕಿದಳು.

ಕೊನೆಗೆ ಬಂದದ್ದು ಅತ್ತೆ. ಬಾಗಿಲಿಗೆ ಅಂಗೈ ಬಡಿದು, "ತೆಗಿ. ನಾನೂ ಗಂಡಸಾ?" ಅಂದರು. ತೆಗೆದಳು. ಗದರಲೆಂದೇ ಒಳಗೆ ಬಂದವರು ಎರಡು ಹೆಜ್ಜೆಗೆ ನಿಂತುಬಿಟ್ಟರು. ಮೈದುನ ಬಂದಾಗಿನಿಂದ ಸೊಸೆಯ ತೆರೆದ ತಲೆಯನ್ನು ಅವರು ನೋಡಿಯೇ ಇರಲಿಲ್ಲ. ಮುಚ್ಚಿದ ಬಟ್ಟೆಯೊಳಗೆ ಮದುವೆಯ ಹೊತ್ತಿನ ದಟ್ಟ ಕೂದಲು ಹಾಗೇ ಇದೆ ಅಂದುಕೊಂಡಿದ್ದರು.

ಪಕ್ಕದಲ್ಲಿ ಕೂತು, ಕಿವಿಯ ಹಿಂದಿನ ಸುರುಳಿಗಳನ್ನು ಬೆರಳಲ್ಲಿ ಸರಿಸಿದರು. "ಇಷ್ಟೊಂದಾ? ಹೇಳೋದಲ್ವಾ?"

"ಹೇಳ್ದೆ ಅತ್ತೆ. ಎಷ್ಟು ಸಲ ಹೇಳ್ದೆ."

ಅತ್ತೆ ಎದ್ದು, ಬಾಗಿಲು ಒಂದಿಷ್ಟೇ ತೆರೆದು ಕಿರಿಮಗನನ್ನು ಕರೆದರು. "ನೋಡಪ್ಪ, ರಜಾ ದಿನ ಬೆಳಿಗ್ಗೆ ನೀನು ಈ ಮನೇಲಿ ಇರೋ ಹಾಗಿಲ್ಲ. ನಿನ್ನ ಅತ್ತಿಗೆ ತಲೆ ಒಣಗಬೇಕು."

"ಇಷ್ಟೇನಾ?" ಅಂದ ಅವನು. "ಮೊದಲೇ ಹೇಳಿದ್ರೆ ಹೋಗ್ತಿದ್ನಲ್ಲ. ನನಗೂ ಕೂತು ಕೂತು ಬೇಜಾರು. ಚಹಾ ಕುಡೀದೆ ಹೋದ್ರೆ ಅತ್ತಿಗೆ ಏನಂದ್ಕೋತಾರೋ ಅಂತ ಕಾಯ್ತಿದ್ದೆ."

ಒಳಗೆ ಮಣೆಯ ಮೇಲೆ ಕೂತವಳು ಹಣೆ ಹಣೆ ಬಡಿದುಕೊಂಡಳು.

ಅವತ್ತು ಅವನು ದೂರವೇನೂ ಹೋಗಲಿಲ್ಲ. ಕೆಳಗೆ ನಮ್ಮ ಬಾಗಿಲ ಮುಂದಿನ ಮೆಟ್ಟಿಲಲ್ಲಿ ಕೂತಿದ್ದ, ನಾನೇ ಚಹಾ ಕೊಟ್ಟೆ. ಮೇಲೆ ಆಕೆ ಮುಂದಿನ ಕೋಣೆಯಲ್ಲಿ ಪರದೆ ಎಳೆದು, ಸೋಫಾಕ್ಕೆ ಒರಗಿ, ಕೂದಲನ್ನು ಹಿಂದಕ್ಕೆ ಹರವಿಕೊಂಡಿದ್ದಳಂತೆ. ಅತ್ತೆ ಹತ್ತಿರವೇ ಕೂತು, ಬಾಚಣಿಗೆ ಹೀಗೆ ಹಿಡಿಯಬಾರದು, ಎಣ್ಣೆ ಹೀಗೆ ಹಚ್ಚಬಾರದು ಎಂದು ಹೊಸದಾಗಿ ಶುರು ಮಾಡಿದ್ದರಂತೆ. ಈಗ ಕೂದಲು ಕಣ್ಣೆದುರೇ ಸಿಕ್ಕಿದೆಯಲ್ಲ.

ಹೊತ್ತು ಏರಿದ ಮೇಲೆ ಮೈದುನ ಮೆಟ್ಟಿಲಿಂದಲೇ ಕೂಗಿದ. "ಅಮ್ಮಾ, ಒಣಗ್ತಾ?"

ಅವರು ಬುಡಕ್ಕೆ ಬೆರಳಿಟ್ಟು ನೋಡಿದರೆಂದು ಕಾಣುತ್ತದೆ.

"ತುದಿ ಒಣಗಿದೆ. ಬುಡ ಇನ್ನೂ ತಣ್ಣಗಿದೆ" ಅಂದರು ಅತ್ತೆ. "ಅಲ್ಲೇ ಕೂತಿರು."