ಯಾರೂ ಬಿಡಿಸದ ಹಾಳೆ

ನಾನು ಹಾಸನದ ಕಾಲೇಜೊಂದರ ಲೈಬ್ರೇರಿಯನ್. ನಲವತ್ತು ದಾಟಿದ ಮೇಲೆ ಪಿಎಚ್‌ಡಿ ಮಾಡುವ ಹುಚ್ಚು ಹಿಡಿಯಿತು. ಜಲವಿಜ್ಞಾನದ ಪತ್ರಿಕೆಗಳಲ್ಲಿ ಯಾರ ಲೇಖನವನ್ನು ಯಾರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂದು ಎಣಿಸುವುದು ನನ್ನ ವಿಷಯ. ನೀರಿನ ಬಗ್ಗೆ ನನಗೆ ಗೊತ್ತಿದ್ದದ್ದು ನಲ್ಲಿಯಲ್ಲಿ ಯಾವಾಗ ಬರುತ್ತದೆ ಎಂಬುದಷ್ಟೆ. ಎಣಿಸುವುದಕ್ಕೆ ಅಷ್ಟು ಸಾಕು.

ಎಣಿಸುತ್ತ ಹೋದಂತೆ ಒಂದು ಹಳೆಯ ಲೇಖನ ಎಲ್ಲ ಕಡೆಯೂ ತಲೆಹಾಕತೊಡಗಿತು. ಚನ್ನರಾಯಪಟ್ಟಣದ ಕಡೆ ಕೆರೆಯ ನೀರು ಇಂಗಿ ಬಾವಿಗೆ ಸೇರುವ ಬಗ್ಗೆ ಬರೆದದ್ದು. ಆನ್‌ಲೈನಿನಲ್ಲಿ ಅದರ ಸಾರಾಂಶ ಮಾತ್ರ ಸಿಗುತ್ತಿತ್ತು. ನನ್ನ ಗೈಡ್ ಕೂಡ ಅದನ್ನು ಉಲ್ಲೇಖಿಸಿ ಕೊಂಡಾಡಿದ್ದರು. "ನಿಮ್ಮ ಲೈಬ್ರರೀಲೇ ಕೂತು ಒಂದಕ್ಷರ ಬಿಡದೆ ಓದಿದೀನಿ" ಎಂದಿದ್ದರು. ನಮ್ಮಲ್ಲಿದ್ದದ್ದು ಆ ಲೇಖನವಿದ್ದ ಪತ್ರಿಕೆಯ ಸಂಪುಟದ ಒಂದೇ ಪ್ರತಿ.

ನಮ್ಮ ಅಟೆಂಡರ್ ಅದನ್ನು ಧೂಳು ಕೊಡವಿ ತಂದಿಟ್ಟರು. "ಇದ್ನ ಯಾರೂ ಓದಿಲ್ಲ ಕಣ್ ಸಾ. ಆಳೆ ಇನ್ನೂ ಅಂಗೇ ಸೇರ್ಕೊಂಡವೆ, ನೋಡಿ." ನಿಜ, ಪ್ರೆಸ್ಸಿನಲ್ಲಿ ಮಡಿಚಿದ ಹಾಳೆಗಳ ಅಂಚನ್ನು ಯಾರೂ ಕತ್ತರಿಸಿರಲಿಲ್ಲ. ಲೇಖನದ ಮೊದಲ ಪುಟ ಬಿಟ್ಟರೆ ಉಳಿದದ್ದನ್ನು ದೇವರೂ ಓದುವಂತಿರಲಿಲ್ಲ.

ನನಗಾದ ಖುಷಿ ಅಷ್ಟಿಷ್ಟಲ್ಲ. ಗೈಡ್ ರುಜು ಬೀಳದೆ ನನ್ನ ಪ್ರಬಂಧ ಮೂರು ತಿಂಗಳಿಂದ ನಿಂತಿತ್ತು. ಹೋದಾಗಲೆಲ್ಲ "ಇನ್ನೊಂಚೂರು ಆಳ ಬೇಕು" ಎಂದು ಸಾಗಹಾಕುತ್ತಿದ್ದರು. ಆ ಭಾನುವಾರ ಪ್ರಬಂಧ, ಸಂಪುಟ, ಜೊತೆಗೆ ಹಣ್ಣು ಹೆಚ್ಚುವ ಚಾಕು ಚೀಲಕ್ಕೆ ಹಾಕಿಕೊಂಡು ಗೈಡ್ ಮನೆಯಿದ್ದ ಹೊಳೆನರಸೀಪುರದ ಬಸ್ಸು ಹತ್ತಿದೆ. ಅವರ ಮುಂದೆ ಸಂಪುಟವನ್ನೂ ಚಾಕುವನ್ನೂ ಇಟ್ಟು, "ಸಾರ್, ಈ ಲೇಖನದ ನಾಲ್ಕನೇ ಪುಟದಲ್ಲಿ ಒಂದು ಅನುಮಾನ" ಎಂದೆ, ಏನೂ ಅರಿಯದವನ ಹಾಗೆ.

ಅವರು ಸಂಪುಟ ತಿರುವಿದರು. ನನ್ನನ್ನು ನೋಡಿದರು. ಅವರ ಕಿವಿ ಕೆಂಪಾಯಿತು. ಆಮೇಲೆ ಚಾಕು ತೆಗೆದುಕೊಂಡು ಮಡಿಕೆಗಳನ್ನು ಒಂದೊಂದಾಗಿ ಸೀಳುತ್ತ, "ಸಿಕ್ಕಾಕ್ಕೊಂಡೆ ಕಣಯ್ಯ" ಎಂದು ನಕ್ಕೇಬಿಟ್ಟರು. "ಕೊಡಿಲ್ಲಿ ನಿನ್ನ ಪ್ರಬಂಧ."

ಗೆದ್ದೆ ಎಂದುಕೊಂಡು ಪೆನ್ನನ್ನೂ ಚಾಚಿದೆ. ಅವರು ರುಜು ಹಾಕುವ ಪುಟ ದಾಟಿ ಕೊನೆಯ ಆಕರ ಪಟ್ಟಿಗೆ ಹೋಗಿ, ಒಂದು ಲೇಖನದ ಹೆಸರಿನ ಮೇಲೆ ಬೆರಳಿಟ್ಟರು. "ಇದ್ರಲ್ಲಿ ಏನಿದೆ ಹೇಳು ನೋಡೋಣ."

ಅದು ಓದದೆಯೇ ಉಲ್ಲೇಖಿಸುವ ವಿದ್ವಾಂಸರ ಕುರಿತ ಲೇಖನ. ಬೇರೆ ಯಾರದೋ ಪಟ್ಟಿಯಿಂದ ಎತ್ತಿಕೊಂಡಿದ್ದೆ. ಓದಿಲ್ಲ ಎಂದು ತಲೆಯಾಡಿಸಿದೆ.

ಅವರು ಪೆನ್ನಿಗೆ ಕ್ಯಾಪು ಹಾಕಿ ನನ್ನ ಜೇಬಿಗೇ ಸಿಕ್ಕಿಸಿದರು. "ನಾನು ಈ ಸಂಪುಟ ಓದ್ತೀನಿ. ನೀನು ನಿಂದನ್ನ ಓದ್ಕೊಂಡು ಬಾ. ಆಮೇಲೆ ರುಜು."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಆ ಪಟ್ಟಿ ತೆಗೆದು, ನಾನು ಓದದವುಗಳಿಗೆ ಗುರುತು ಹಾಕುತ್ತ ಕೂತೆ. ಹಾಸನ ಬಂದರೂ ಮುಗಿದಿರಲಿಲ್ಲ.