ಚಂದ್ರಿಕೆ ತೊಳೆದದ್ದನ್ನು ನಾನು ನೋಡಿದ್ದೆ

ಶಾಹೀನಕ್ಕಾ, ನಿನ್ನ ಚಂದ್ರಿಕೆಗಳು ಶುದ್ಧವಾಗಿದ್ದವು. ನಮ್ಮ ರೇಷ್ಮೆ ಬೆಳೆ ಹಾಳು ಮಾಡಿದವಳು ನಾನು. ಡೈರಿ ಮುಂದೆ ಅಷ್ಟು ಜನರೆದುರು ನೀನು ನನ್ನನ್ನು ಸಾಕ್ಷಿ ಕೇಳಿದೆ, ನಾನು ಸುಳ್ಳು ಹೇಳಿದೆ. ಮೂರು ವರ್ಷ ಆಯಿತು. ಆ ಸುಳ್ಳನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಉಂಡಿದ್ದೇನೆ, ನಕ್ಕಿದ್ದೇನೆ, ಮಗಳಿಗೆ ಜಡೆ ಹಾಕಿದ್ದೇನೆ.

ನಿನಗೆ ಕನ್ನಡ ಓದಲು ಬರುವುದಿಲ್ಲ. ಅದು ಗೊತ್ತಿದ್ದೇ ಬರೆಯಲು ಕೂತಿದ್ದೇನೆ ನೋಡು, ಎಂಥ ಧೈರ್ಯವಂತೆ ನಾನು! ಆದರೆ ಬಾಯಿಬಿಟ್ಟು ಹೇಳುವ ಮೊದಲು ಒಂದು ಸಲ ಕಾಗದದ ಮೇಲಾದರೂ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಇಡಬೇಕು. ಇಲ್ಲದಿದ್ದರೆ ನಿನ್ನ ಮುಖ ನೋಡಿದ ತಕ್ಷಣ ನಾಲಿಗೆ ಮತ್ತೆ ಏನಾದರೂ ಒಂದು ನೆಪ ಹುಡುಕುತ್ತದೆ — ನನ್ನ ನಾಲಿಗೆ ನನಗೆ ಗೊತ್ತು.

ಮೇಲೂರಿನಲ್ಲಿ ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಹುಳ ನಾಲ್ಕು ಸಲ ಜ್ವರಕ್ಕೆ ಕೂತು, ಪೊರೆ ಬಿಟ್ಟು ಎದ್ದು, ಆಮೇಲೆ ವಾರದ ಮೇಲೆ ಸೊಪ್ಪು ತಿಂದು, ಒಂದು ದಿನ ಹಣ್ಣಾಗುತ್ತದೆ. ಮೈ ಹಳದಿಗೆ ತಿರುಗುತ್ತದೆ, ಸೊಪ್ಪು ಬಿಟ್ಟು ತಲೆಯೆತ್ತಿ ಆಡಿಸುತ್ತದೆ. ಆ ಹೊತ್ತಿಗೆ ಸರಿಯಾಗಿ ಆಯ್ದು ಬಿದಿರಿನ ತಟ್ಟಿಗೆ ಸುರುಳಿ ಪಟ್ಟಿ ಕಟ್ಟಿದ ಚಂದ್ರಿಕೆ ಮೇಲೆ ಬಿಡಬೇಕು, ಅಲ್ಲಿ ಗೂಡು ಕಟ್ಟುತ್ತದೆ. ಬೇಗ ಆಯ್ದರೆ ಗೂಡು ಕಟ್ಟದೆ ಅಲೆಯುತ್ತದೆ. ತಡವಾದರೆ ಸೊಪ್ಪಿನ ಸಂದಿಯಲ್ಲೇ ನೂಲು ಬಿಟ್ಟು ಮುಗಿಸಿಬಿಡುತ್ತದೆ. ಚಂದ್ರಿಕೆಗಳನ್ನು ನಾವು ನಿನ್ನಿಂದ ಬಾಡಿಗೆಗೆ ತರುತ್ತಿದ್ದೆವು. ನಮ್ಮೂರಲ್ಲಿ ಯಾರು ತಾನೆ ತರುತ್ತಿರಲಿಲ್ಲ? ಗಂಡ ಹೋದಮೇಲೆ ನಿನ್ನ ಮನೆ ನಡೆದದ್ದೇ ಅದರಿಂದ. ಒಂದು ಮನೆಯ ಹುಳದ ರೋಗ ಇನ್ನೊಂದು ಮನೆಗೆ ಹೋಗಬಾರದೆಂದು ಪ್ರತಿ ಸಲ ನೀನು ಬ್ಲೀಚಿಂಗ್ ನೀರಲ್ಲಿ ತೊಳೆದು, ಬಿಸಿಲಿಗೆ ನಿಲ್ಲಿಸಿ, ಒಣಗಿದ ಮೇಲೇ ಕೊಡುತ್ತಿದ್ದೆ. ಆ ಸಲ ನಿಮ್ಮ ನಲ್ಲಿಯಲ್ಲಿ ನೀರು ಬಂದಿರಲಿಲ್ಲ. ಚಂದ್ರಿಕೆಗಳನ್ನೆಲ್ಲ ನೀನು ನಮ್ಮ ಅಂಗಳಕ್ಕೇ ಹೊತ್ತು ತಂದು ತೊಳೆದೆ. ಕೊಡದಲ್ಲಿ ನೀರು ಹೊಯ್ದವಳು ನಾನು. ಬ್ಲೀಚಿಂಗ್ ವಾಸನೆಗೆ ನಾನು ಸೀನಿ ಸೀನಿ ಕೂತಾಗ ನೀನು ಎಷ್ಟು ನಕ್ಕೆ!

ಅಷ್ಟರಲ್ಲಾಗಲೇ ನನ್ನ ಫೋನಿನಲ್ಲಿ ಆ ಆಟ ಸೇರಿಕೊಂಡಿತ್ತು.

ಗೌರಿಬಿದನೂರಿನ ನನ್ನ ನಾದಿನಿ ಲಿಂಕ್ ಕಳಿಸಿದ್ದಳು. ಯಾರನ್ನಾದರೂ ಸೇರಿಸಿದರೆ ಅವಳಿಗೇನೋ ಬೋನಸ್ ಸಿಗುತ್ತಿತ್ತಂತೆ. ಅವಳನ್ನು ದೂರುವುದಿಲ್ಲ, ಅವಳೂ ನನ್ನ ಹಾಗೇ ಸಿಕ್ಕಿಹಾಕಿಕೊಂಡವಳು. ಆಟ ಬಲು ಸುಲಭ ಅಕ್ಕ. ದುಡ್ಡು ಕಟ್ಟುತ್ತೀಯ. ಒಂದು ಪುಟ್ಟ ವಿಮಾನ ಮೇಲೇಳುತ್ತದೆ, ಅದರ ಜೊತೆ ಒಂದು ಅಂಕಿಯೂ ಏರುತ್ತದೆ — ಒಂದು, ಒಂದೂಕಾಲು, ಒಂದೂವರೆ, ಎರಡು... ನೀನು ಗುಂಡಿ ಒತ್ತಿದಾಗ ಅಂಕಿ ಎರಡಿದ್ದರೆ ಕಟ್ಟಿದ್ದರ ಎರಡರಷ್ಟು ನಿನಗೆ. ಒತ್ತುವ ಮೊದಲು ವಿಮಾನ ಹಾರಿಹೋಯಿತೋ, ಕಟ್ಟಿದ್ದೆಲ್ಲ ಹೋಯಿತು. ಅಷ್ಟೇ. ಮರುಕ್ಷಣ ಇನ್ನೊಂದು ವಿಮಾನ ಸಿದ್ಧ. ಉಸಿರಾಡಲೂ ಬಿಡುವುದಿಲ್ಲ.

ಮೊದಲು ಸುಮ್ಮನೆ ಅಭ್ಯಾಸಕ್ಕೆಂದು ಬಿಟ್ಟಿ ದುಡ್ಡಿನಲ್ಲಿ ಆಡಿಸುತ್ತಾರೆ. ಅಯ್ಯೋ, ಅದರಲ್ಲಿ ನಾನು ಗೆದ್ದದ್ದೇ ಗೆದ್ದದ್ದು! ಪಕ್ಕದಲ್ಲಿ ಯಾರ್‍ಯಾರದೋ ಅರ್ಧ ಮುಚ್ಚಿದ ಹೆಸರುಗಳು ಓಡುತ್ತಿರುತ್ತವೆ, ಅವರು ಇಷ್ಟು ಗೆದ್ದರು, ಇವರು ಅಷ್ಟು ಗೆದ್ದರು ಎಂದು. ಅವರು ನಿಜವಾದ ಮನುಷ್ಯರೋ ಅಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಮೇಲಿನ ಅಂಚಿನಲ್ಲಿ ಹಿಂದಿನ ಆಟಗಳು ಎಲ್ಲೆಲ್ಲಿ ಮುಗಿದವು ಎಂಬ ಅಂಕಿಗಳ ಸಾಲು. ನನ್ನನ್ನು ಕೆಡಿಸಿದ್ದು ಆ ಸಾಲು.

ಯಾಕೆ ಗೊತ್ತಾ? ನಾನು ಹುಳ ಸಾಕುವವಳು. ಹುಳ ಯಾವಾಗ ಹಣ್ಣಾಗುತ್ತದೆಂದು ನಮ್ಮ ಅತ್ತೆಗಿಂತ ಮೊದಲು ಹೇಳುತ್ತಿದ್ದವಳು. ಆ ಜಂಬ ನನಗೆ. ಸಣ್ಣ ಸಣ್ಣ ಅಂಕಿಗಳು ಸಾಲಾಗಿ ಬಂದರೆ, ‘ಇನ್ನೇನು ದೊಡ್ಡದೊಂದು ಹಣ್ಣಾಗ್ತಾ ಇದೆ’ ಅನ್ನಿಸುತ್ತಿತ್ತು. ಇಂಥದ್ದಕ್ಕೆಲ್ಲ ಒಂದು ಹೊತ್ತು ಅಂತ ಇರುತ್ತದೆ, ಕಣ್ಣಿದ್ದವರಿಗೆ ಕಾಣುತ್ತದೆ ಎಂದೇ ನಂಬಿದ್ದೆ. ಸಣ್ಣದಾಗಿ ಗೆದ್ದಾಗ ‘ನೋಡು, ಕಂಡಿತಲ್ಲ’ ಅಂದುಕೊಳ್ಳುತ್ತಿದ್ದೆ. ಸೋತಾಗ ‘ಒಂದು ಗಳಿಗೆ ತಡ ಮಾಡಿದೆ’ ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ, ಆಟವನ್ನು ಬೈಯುತ್ತಿರಲಿಲ್ಲ.

ಎಲ್ಲ ಮುಗಿದಮೇಲೆ ಅದರ ನಿಯಮಗಳ ಪುಟವನ್ನು ನನ್ನ ಅರ್ಧಂಬರ್ಧ ಇಂಗ್ಲಿಷಿನಲ್ಲಿ ಓದಿದೆ. ಬಚ್ಚಿಟ್ಟಿರಲೂ ಇಲ್ಲ, ಅಲ್ಲೇ ಇತ್ತು. ವಿಮಾನ ಎಲ್ಲಿ ಮಾಯವಾಗಬೇಕೆಂಬುದು ಅದು ಏಳುವ ಮೊದಲೇ ಯಂತ್ರದೊಳಗೆ ತೀರ್ಮಾನವಾಗಿರುತ್ತದೆ. ಹಿಂದಿನ ಆಟಕ್ಕೂ ಮುಂದಿನ ಆಟಕ್ಕೂ ಸಂಬಂಧವಿಲ್ಲ. ಕೆಲವು ಸಲ ಒಂದರಲ್ಲೇ, ಯಾರೂ ಬೆರಳು ಊರುವ ಮೊದಲೇ ಮುಗಿಯುತ್ತದೆ. ಒಬ್ಬೊಬ್ಬರು ಗೆದ್ದರೂ, ಎಲ್ಲರ ದುಡ್ಡು ಸೇರಿಸಿ ನೋಡಿದರೆ ಒಂದು ಪಾಲು ಆಟ ನಡೆಸುವವನಿಗೇ ಉಳಿಯುವ ಹಾಗೆ ಕಟ್ಟಿರುತ್ತಾರೆ. ಅಲ್ಲಿ ಹಣ್ಣಾಗುವುದು ಎಂಬುದೇ ಇಲ್ಲ ಅಕ್ಕ. ನೋಡಿ ತಿಳಿಯುವಂಥದ್ದು ಏನೂ ಇರಲಿಲ್ಲ, ನಾನು ಕಣ್ಣು ಕೀಳದೆ ನೋಡುತ್ತಿದ್ದೆ.

ಆ ದಿನ ಇವರು — ನಮ್ಮ ಯಜಮಾನರು — ಚಿಂತಾಮಣಿಗೆ ಅವರ ಸೋದರಮಾವನ ತಿಥಿಗೆ ಹೊರಟರು. ಬಾಗಿಲಲ್ಲಿ ನಿಂತು, “ಬಿಸಿಲು ಜಾಸ್ತಿ ಐತೆ, ಇವತ್ತೇ ಹಣ್ಣಾದ್ರೂ ಆಗ್ಬೋದು. ನೋಡ್ಕೊಂಡು ಹೆಂಗಸ್ರನ್ನ ಕೂಗು” ಅಂದರು. ಆಯುವ ಹೆಂಗಸರು ನಾಲ್ಕು ಮನೆ ಆಚೆಯೇ ಇದ್ದರು, ಒಂದು ಕೂಗು ಹಾಕಿದರೆ ಬರುತ್ತಿದ್ದರು. ನನಗಿದ್ದದ್ದು ಅದೊಂದೇ ಕೆಲಸ, ನೋಡುವುದು, ಕೂಗುವುದು.

ಮಧ್ಯಾಹ್ನ ಹುಳುಮನೆ ಬಾಗಿಲಲ್ಲಿ ಗೋಣಿಚೀಲ ಹಾಸಿಕೊಂಡು ಫೋನು ಹಿಡಿದು ಕೂತೆ. ಒಳಗೆ ಸೊಪ್ಪು ತಿನ್ನುವ ಸದ್ದು ಕಮ್ಮಿಯಾಗಿತ್ತು. ಅದರ ಅರ್ಥ ನನಗೆ ಗೊತ್ತಿತ್ತು. ಎದ್ದು ನೋಡಿದೆ ಕೂಡ, ಅಲ್ಲಲ್ಲಿ ಹುಳಗಳು ತಲೆಯೆತ್ತಿ ಆಡಿಸುತ್ತಿದ್ದವು. ನೋಡಿದೆ ಅಕ್ಕ. ಮರೆತೆ, ತಿಳಿಯಲಿಲ್ಲ ಎಂದು ಹೇಳಿದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಆದರೆ ಬೆಳಗಿನಿಂದ ಸೋತಿದ್ದೆ, ಹಾಲಿನ ದುಡ್ಡೆಲ್ಲ ಹೋಗಿತ್ತು, ಅಂಚಿನ ಸಾಲಿನಲ್ಲಿ ಬರೀ ಸಣ್ಣ ಅಂಕಿಗಳು. ಈಗ ಎದ್ದರೆ ದೊಡ್ಡದು ನಾನಿಲ್ಲದಾಗ ಬರುತ್ತದೆ — ಇದೊಂದು, ಇದೊಂದು ಮುಗಿಸಿ ಎದ್ದೆ, ಇನ್ನೊಂದೇ ಒಂದು...

ತಲೆಯೆತ್ತಿದಾಗ ಹುಳಗಳು ಗೋಡೆ ಹತ್ತುತ್ತಿದ್ದವು. ಸೊಪ್ಪಿನ ಕಡ್ಡಿಗಳ ನಡುವೆ ಬೆಳ್ಳಗೆ ನೂಲು ಕಟ್ಟಿತ್ತು. ಹೆಂಗಸರ ಮನೆಗೆ ಓಡಿದರೆ, ಅವರು ಬೇರೆಯವರ ಹುಳ ಆಯಲು ಹೋಗಿಬಿಟ್ಟಿದ್ದರು. ಒಬ್ಬಳೇ ಅಳುತ್ತಾ ಆಯ್ದೆ. ಒಂದು ಚಂದ್ರಿಕೆಗೆ ಎರಡರಷ್ಟು ಹುಳ ಸುರಿದೆ. ಸೊಪ್ಪಿನಲ್ಲೇ ಗೂಡಾಗಿದ್ದನ್ನೆಲ್ಲ ಬುಟ್ಟಿಗೆ ತುಂಬಿ, ಇವರು ಬರುವ ಮೊದಲೇ ತಿಪ್ಪೆಯಲ್ಲಿ ಹೂತುಬಿಟ್ಟೆ. ಆಗಲೇ ನನ್ನ ಮನಸ್ಸು ಸುಳ್ಳಿಗೆ ಜಾಗ ಮಾಡಿಕೊಡುತ್ತಿತ್ತು.

ಗೂಡು ಬಿಡಿಸುವ ದಿನ ಇವರು ತಲೆ ಮೇಲೆ ಕೈ ಹೊತ್ತು ಕೂತರು. ತೆಳು ಗೂಡು, ಕಲೆ ಗೂಡು, ಎರಡೆರಡು ಹುಳ ಸೇರಿ ಕಟ್ಟಿದ ಜೋಡಿ ಗೂಡು, ಕಟ್ಟಲಾಗದೆ ಕಪ್ಪಗಾಗಿ ಜೋತುಬಿದ್ದ ಹುಳ. “ಏನೇ ಇದು? ನಾನ್ ಹೋಗೋವಾಗ ಹುಳ ಮುತ್ತಿನಂಗಿದ್ವಲ್ಲೇ!” ಅಂದರು.

“ಚಂದ್ರಿಕೇನೇ ಸರಿ ಇರ್ಲಿಲ್ವೇನೋ” ಅಂದೆ.

ಅಷ್ಟೇ ಅಂದದ್ದು. ನಿನ್ನ ಹೆಸರು ಕೂಡ ಎತ್ತಲಿಲ್ಲ ಎಂದು ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನಾಚಿಕೆಯಾಗಬೇಕು ನನಗೆ.

ಮರುದಿನ ಬೆಳಿಗ್ಗೆ ಡೈರಿ ಮುಂದೆ, ಹಾಲು ಹಾಕುವ ಸಾಲಿನಲ್ಲಿ, ಇವರು ನಿನ್ನ ಮೇಲೆ ಹರಿಹಾಯ್ದರು. ನಿನ್ನ ಕೈಯಲ್ಲಿ ಕಾಲು ಲೀಟರ್ ಹಾಲಿನ ಚೊಂಬು. ನೀನು ಇವರಿಗೆ ಎದುರು ಮಾತಾಡಲಿಲ್ಲ. ನನ್ನ ಕಡೆ ತಿರುಗಿ, ಒಂಥರಾ ನಿಶ್ಚಿಂತೆಯಿಂದ, “ವೇಣಮ್ಮಾ, ನಿಮ್ಮ ಅಂಗಳದಾಗೇ ತೊಳ್ದೆ ಅಲ್ವಾ? ನೀನೇ ಅಲ್ವಾ ನೀರು ಹಾಕಿದ್ದು? ಹೇಳಮ್ಮಾ, ನೀನು ನೋಡಿದ್ದೀಯಲ್ಲ” ಅಂದೆ.

ನಾನು ಕ್ಯಾನಿನ ಮುಚ್ಚಳ ತಿರುಗಿಸುತ್ತಾ, “ನಾನು ಸರಿಯಾಗಿ ನೋಡ್ಲಿಲ್ಲ ಅಕ್ಕ” ಅಂದೆ.

ನಿನ್ನ ಮುಖ — ಬೇಡ, ಅದನ್ನು ಬರೆಯಲಾರೆ.

ಆಮೇಲೆ ಊರವರು ಬಾಡಿಗೆಗೆ ಬರುವುದು ನಿಲ್ಲಿಸಿದರು. ನೀನು ಮಗಳನ್ನು ಕರೆದುಕೊಂಡು ಶಿಡ್ಲಘಟ್ಟಕ್ಕೆ ಹೋಗಿ, ನೂಲು ಬಿಚ್ಚುವ ಕಡೆ ಕೆಲಸಕ್ಕೆ ಸೇರಿದೆ ಎಂದು ಕೇಳಿದೆ. ನಾನು ಆ ಆಟವನ್ನು ಫೋನಿನಿಂದ ಅಳಿಸಿದೆ, ಮತ್ತೆ ಹಾಕಿಕೊಂಡೆ, ಮತ್ತೆ ಅಳಿಸಿದೆ. ಕೊನೆಗೆ ಬಿಟ್ಟೆ. ಆಟ ಬಿಟ್ಟರೆ ಎಲ್ಲ ಬಿಟ್ಟ ಹಾಗೆ ಅಂದುಕೊಂಡಿದ್ದೆ.

ಮೊನ್ನೆ ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನಲ್ಲಿ ನೀನು ಸಿಕ್ಕಿದೆ. ಮುಖ ತಿರುಗಿಸಿಕೊಂಡು ಹೋಗುತ್ತೀಯ ಅಂದುಕೊಂಡಿದ್ದೆ, ಅದನ್ನೇ ಬಯಸಿದ್ದೆ ಕೂಡ. ನೀನು ಬಂದು ನನ್ನ ಕೈ ಹಿಡಿದುಕೊಂಡೆ. ದಿನವಿಡೀ ಬಿಸಿನೀರಲ್ಲಿ ಗೂಡು ಆಡಿಸಿ ಆಡಿಸಿ ನಿನ್ನ ಬೆರಳುಗಳು ಬಿಳಿಚಿ ಸುಕ್ಕುಗಟ್ಟಿದ್ದವು. “ಈಗ ಬೆಳೆ ಚೆನ್ನಾಗ್ ಬರ್ತೈತಾ ವೇಣಮ್ಮಾ?” ಎಂದು ಕೇಳಿದೆ. ಆಮೇಲೆ ತಗ್ಗಿದ ದನಿಯಲ್ಲಿ, “ಆವತ್ತು ನನ್ನಿಂದ ನಿಮಗೆ ಎಷ್ಟು ಲಾಸ್ ಆಯ್ತು. ಎಲ್ಲಿ ಕೈ ತಪ್ತೋ ಗೊತ್ತಿಲ್ಲ ಕಣಮ್ಮಾ. ತೊಳ್ದಿದ್ದೆ ಅಂತಾನೇ ಅಂದ್ಕೊಂಡಿದ್ದೆ. ಆಮೇಲೆ ಪಕ್ಕದೂರಿಂದ ಬಂದು ಕೇಳಿದ್ರು, ನಾನು ಕೊಡ್ಲಿಲ್ಲ. ಇನ್ನೊಬ್ರ ಮನೆ ಬೆಳೆ ಕೆಡಬಾರ್ದು ಅಂತ ಎಲ್ಲಾ ಒಲೆಗೆ ಹಾಕ್ಬಿಟ್ಟೆ. ಮನಸ್ಸಲ್ಲಿ ಇಟ್ಕೋಬೇಡಮ್ಮಾ” ಅಂದೆ.

ನೀನು ನನ್ನ ಕ್ಷಮೆ ಕೇಳಿದೆ, ಅಕ್ಕ. ನೀನು, ನನ್ನ ಹತ್ತಿರ! ಊರವರು ನಿನ್ನ ಮೇಲೆ ಅನುಮಾನಪಟ್ಟರೆಂದಷ್ಟೇ ನಾನು ತಿಳಿದಿದ್ದೆ. ನನ್ನ ಒಂದು ಮಾತಿಗೆ ನೀನೇ ನಿನ್ನ ಕೈಗಳನ್ನು ನಂಬುವುದು ಬಿಟ್ಟಿದ್ದೀಯ ಎಂದು ನನಗೆ ತಿಳಿದಿರಲಿಲ್ಲ. ಆಗಲಾದರೂ ಹೇಳಬಹುದಿತ್ತು. ಮೇಲೂರಿನ ಬಸ್ಸು ಬಂತು. ಹತ್ತಿ ಕೂತೆ.

ಇವತ್ತು ಬೆಳಿಗ್ಗೆ ಇವರು ಸೊಪ್ಪು ಕತ್ತರಿಸುತ್ತಿದ್ದಾಗ ಎಲ್ಲ ಹೇಳಿದೆ, ವಿಮಾನ, ಹಾಲಿನ ದುಡ್ಡು, ತಿಪ್ಪೆ, ಎಲ್ಲ. ಕುಡುಗೋಲು ಕೆಳಗಿಟ್ಟರು.

“ಹಣ್ಣಾಗಿದ್ದನ್ನ ನೋಡಿದ್ಯಾ?”

“ನೋಡಿದ್ದೆ.”

“ನೋಡೀನೂ ಕೂತಿದ್ಯಾ?”

“ಕೂತಿದ್ದೆ.”

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. “ಆಯಮ್ಮನ್ನ ಎಲ್ಲರ ಮುಂದೆ ನಾನು ಏನೇನು ಅಂದೆ ಗೊತ್ತೇನೇ ನಿಂಗೆ?” ಎಂದರು. ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟುಹೋದರು. ಇನ್ನೂ ಬಂದಿಲ್ಲ.

ನಾಳೆ ಬೆಳಿಗ್ಗೆ ಡೈರಿಗೆ ನಾನೇ ಹೋಗುತ್ತೇನೆ. ಅದೇ ಸಾಲಿನಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ. ನಿನ್ನ ಹೆಸರು ಹೋದದ್ದು ಅಲ್ಲಿ, ಮೊದಲು ಅಲ್ಲೇ ವಾಪಸು ಕೊಡಬೇಕು. ಆಮೇಲೆ ಶಿಡ್ಲಘಟ್ಟದ ಬಸ್ಸು ಹತ್ತುತ್ತೇನೆ. ನೀನು ಕ್ಷಮಿಸುತ್ತೀಯೋ, ಬಾಗಿಲು ಹಾಕಿಕೊಳ್ಳುತ್ತೀಯೋ, ಅದು ನಿನಗೆ ಬಿಟ್ಟದ್ದು. ಒಲೆಗೆ ಹೋದ ಚಂದ್ರಿಕೆಗಳನ್ನು ನಾನು ತಂದುಕೊಡಲಾರೆ, ಸುಕ್ಕಿದ ಬೆರಳುಗಳನ್ನೂ ಸರಿಮಾಡಲಾರೆ. ಆವತ್ತು ನೀನು ಕೇಳಿದ ಪ್ರಶ್ನೆಗೆ ಉತ್ತರ ಮಾತ್ರ ನನ್ನ ಹತ್ತಿರ ಇದೆ, ಅದನ್ನು ನಿನ್ನ ಕೈ ಹಿಡಿದುಕೊಂಡು ಹೇಳುತ್ತೇನೆ —

ನೋಡಿದ್ದೆ ಅಕ್ಕ. ನೀರು ಹಾಕಿದ್ದು ನಾನೇ. ನಿನ್ನ ಕೈ ಎಲ್ಲೂ ತಪ್ಪಿರಲಿಲ್ಲ.