ಬುಗ್ಗೆಯ ಬಾಯಿ ಕಾಯುವ ಕುಂಜೆಸ್

ಗಾಳಿ ಇಲ್ಲ, ಹಕ್ಕಿ ಇಲ್ಲ. ಹೆಪ್ಪುಗಟ್ಟಿದ ಸಿಂಧೂ ನದಿಯ ದಂಡೆಯಲ್ಲಿ ಬೋಳು ಮರಳು. ಮರಳಿನ ನಡುವೆ ಕಲ್ಲು ಮಣ್ಣಿನ ಒಂದು ತಗ್ಗು ಮನೆ. ಅದರ ಮಾಡಿನ ಕಿಂಡಿಯಿಂದ ಎದ್ದ ಹಬೆ ಚದುರಲು ಮನಸ್ಸಿಲ್ಲದಂತೆ ಕಂಬವಾಗಿ ನಿಂತಿದೆ. ಪಕ್ಕದ ಒಂಟಿ ವಿಲೋ ಮರದ ಕಡ್ಡಿ ಕಡ್ಡಿಗೂ ಆ ಹಬೆಯೇ ಹಿಮವಾಗಿ ಅಂಟಿಕೊಂಡು, ಎಲೆ ಉದುರಿದ ಮರ ಗಾಜಿನ ಎಲೆ ತೊಟ್ಟಿದೆ. ಮನೆಯ ಹಿಂದೆ, ಬಿಳಿ ಸುಣ್ಣಗಲ್ಲಿನ ದಿಬ್ಬದ ಮುಂದೆ, ಒಬ್ಬ ಹೆಂಗಸು ಮೊಣಕಾಲೂರಿ ಕುಳಿತಿದ್ದಾರೆ. ಹುಬ್ಬು ಬಿಳಿ, ರೆಪ್ಪೆ ಬಿಳಿ, ಕಿವಿಯ ಪಕ್ಕದ ಕೂದಲೂ ಬಿಳಿ. ಬಲಗೈ ಮಾತ್ರ ಕೆಂಪು. ಅದು ನೆಲದೊಳಗಿಂದ ಬರುವ ನೀರಿನಲ್ಲಿದೆ.

ಕುಂಜೆಸ್ ಕೈಯನ್ನು ಹೊರತೆಗೆದು ಬೆರಳುಗಳನ್ನೇ ನೋಡುತ್ತಾರೆ. "ನಿನ್ನೆ ನಾಲ್ಕು ಬೆರಳು ದಪ್ಪ ಬರ್ತಿತ್ತು. ಇವತ್ತು ಒಂದೇ ಬೆರಳು. ಅದೂ ಕಿರುಬೆರಳು."

ಲಡಾಖಿನ ಈ ಪುಟ್ಟ ಹಳ್ಳಿ ತ್ಸಾಬುಕ್‌ನಲ್ಲಿ ಅವರು ಬಿಸಿನೀರ ಬುಗ್ಗೆಯನ್ನು ಕಾಯತೊಡಗಿ ಮೂವತ್ತನಾಲ್ಕು ವರ್ಷ. ಈಗ ವಯಸ್ಸು ಅರವತ್ತೊಂದು. ಸೋದರತ್ತೆಯಿಂದ ಬಂದ ಕೆಲಸ. ಬುಗ್ಗೆಯ ನೀರು ಸುಡುಬಿಸಿಯಾಗಿ ಬರುತ್ತದೆ. ಅದನ್ನು ಮೈ ತಾಳುವಷ್ಟು ತಣಿಸಬೇಕು. ಚಳಿಗಾಲದಲ್ಲಿ ತಣ್ಣೀರ ಕಾಲುವೆ ಕಲ್ಲಾಗಿರುತ್ತದೆಂದು ನದಿಯಿಂದ ಮಂಜುಗಡ್ಡೆಯ ಬಿಲ್ಲೆಗಳನ್ನು ಬೆನ್ನ ಮೇಲೆ ಹೊತ್ತು ತರುತ್ತಾರೆ. ಒಂದು ಸ್ನಾನಕ್ಕೆ ಮೂರು ಬಿಲ್ಲೆ. ದಿನಕ್ಕೆ ಹದಿನಾಲ್ಕು ಮಂದಿ ಬಂದರೆ ನಲವತ್ತೆರಡು ಬಿಲ್ಲೆ. ಕಾವನ್ನು ಅಳೆಯುವುದು ಮೊಣಕೈಯ ಒಳಮಗ್ಗುಲು. "ಮಂಡಿ ನೋವಿಗೆ ಒಂದು ಬಿಸಿ, ಎದೆ ನೋವಿಗೆ ಇನ್ನೊಂದು. ಬಾಣಂತಿಗಾದ್ರೆ, ಕರೆದ ಹಾಲು ಬೆಚ್ಚಗಿರತ್ತಲ್ಲ, ಅಷ್ಟು. ಹೆಚ್ಚು ಕಮ್ಮಿ ಆದ್ರೆ ನಂಗೇ ಮೈ ಜುಮ್ ಅನ್ನುತ್ತೆ."

ನಾಡವೈದ್ಯರಾದ ಅಮ್ಚಿಗಳು ಔಷಧದ ಪುಡಿ ಕೊಡುವಂತೆಯೇ ಸ್ನಾನವನ್ನೂ ಲೆಕ್ಕ ಹಾಕಿ ಕೊಡುತ್ತಾರೆ: ಏಳು, ಹದಿನಾಲ್ಕು, ಇಪ್ಪತ್ತೊಂದು. ದಿನಕ್ಕೊಂದು, ಎಡೆಬಿಡದೆ. ಒಂದು ದಿನ ತಪ್ಪಿದರೂ ಹಿಂದಿನದೆಲ್ಲ ನೀರಲ್ಲಿ ಹೋಮ. ಮತ್ತೆ ಒಂದರಿಂದ ಶುರು.

ಅದಕ್ಕೇ ಇಂದು ಮನೆಯೊಳಗಿಂದ ಮೆಮೆ ಲುಂಡುಪ್ ಕೂಗುತ್ತಿದ್ದಾರೆ. ಎಪ್ಪತ್ತೆಂಟರ ಮುದುಕ, ಇಂದು ಅವರ ಹತ್ತೊಂಬತ್ತನೆಯ ಸ್ನಾನ. ಹನ್ನೊಂದು ದಿನಕ್ಕೆ ಮೊಮ್ಮಗಳ ಮದುವೆ. ಅಲ್ಲಿ ಹಿರಿಯರೆಲ್ಲ ವಯಸ್ಸಿನ ಕ್ರಮದಲ್ಲಿ ಚಕ್ಕಳಮಕ್ಕಳ ಹಾಕಿ ಸಾಲಾಗಿ ಕೂರಬೇಕು. ಸಾಲಿನ ತಲೆ ಲುಂಡುಪರದು. ಹೋದ ಸಲದ ಮದುವೆಯಲ್ಲಿ ಮಂಡಿ ಮಡಿಸಲಾಗದೆ ಅವರು ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು.

"ನೊಮೊ, ನೀರು ಕಾದಿದ್ಯೋ ಇಲ್ವೋ?" ಎನ್ನುತ್ತಾರೆ. ನೊಮೊ ಎಂದರೆ ತಂಗಿ, ಮೆಮೆ ಎಂದರೆ ಅಜ್ಜ; ಕೊನೆಗೆ ಸೇರಿಸುವ ಲೆ ಮರ್ಯಾದೆಗೆ.

"ನೀರು ಯಾವಾಗ್ಲೂ ಕಾದಿರತ್ತೆ, ಮೆಮೆ‑ಲೆ. ಬರ್ತಾ ಇಲ್ಲ, ಅಷ್ಟೇ."

ಅವರನ್ನು ನೋಡಿಕೊಳ್ಳಲು ಬಂದಿರುವ ಸೊಸೆ ಚೊರೊಲ್ ಹೊರಗೆ ಓಡಿ ಬಂದು ನೋಡುತ್ತಾಳೆ. ಬುಗ್ಗೆಯ ಬಾಯಿಗೆ ಸುಣ್ಣದ ಹಕ್ಕಳೆ ಕಟ್ಟಿದೆ, ಹಳೆಯ ಗಡಿಗೆಯ ಕಂಠದಂತೆ. "ಒಂದು ಹಾರೆ ಹಾಕಿ ಕಿತ್ತರಾಯ್ತಲ್ಲ, ಅಮಾ‑ಲೆ?"

ಕುಂಜೆಸ್ ಬೆಚ್ಚಿ ಅವಳ ಬಾಯಿಗೆ ಕೈ ಅಡ್ಡ ಹಿಡಿಯುತ್ತಾರೆ. ಬುಗ್ಗೆ ನೀರಿನ ನಾಗನ ಮನೆ. ಇಲ್ಲಿ ನಾಗನನ್ನು ಲು ಎನ್ನುತ್ತಾರೆ. ಚಳಿಗಾಲದುದ್ದಕ್ಕೂ ಲು ಮಲಗಿರುತ್ತದೆ. ಜೋಯಿಸರು ದಿನ ನೋಡಿ ಪೂಜೆ ಮಾಡಿ ಮಣ್ಣಿನ ಬಾಯಿ ತೆರೆಯುವವರೆಗೆ ಯಾರೂ ನೆಲ ಅಗೆಯುವುದಿಲ್ಲ. ಬುಗ್ಗೆಯ ಹತ್ತಿರ ಸೋಪಿಲ್ಲ, ಜಗಳವಿಲ್ಲ, ಕಬ್ಬಿಣವಂತೂ ಇಲ್ಲವೇ ಇಲ್ಲ.

ಆ ಕಬ್ಬಿಣವನ್ನು ಒಮ್ಮೆ ತಂದವರು ಸ್ವತಃ ಕುಂಜೆಸ್. "ಇಪ್ಪತ್ಮೂರು ವರ್ಷದ ಹಿಂದೆ. ಹೀಗೇ ಬಾಯಿ ಕಟ್ಟಿತ್ತು. ನಂಗೆ ಆತುರ. ಅಂಗಳದಲ್ಲಿ ಒಂಬತ್ತು ಜನ ಕಾಯ್ತಿದ್ರು. ರಸ್ತೆ ಕೆಲಸದೋರ ಹಾರೆ ಇಸ್ಕೊಂಡು ಬಂದು ಹೊಡೆದೆ. ಮೂರನೇ ಏಟಿಗೆ ಒಳಗೆ ಏನೋ ಕುಸಿದ ಸದ್ದು. ನೀರು ನಿಂತೇ ಹೋಯ್ತು. ಹನ್ನೊಂದು ತಿಂಗಳು ಒಂದು ಹನಿ ಇಲ್ಲ." ಆ ಹನ್ನೊಂದು ತಿಂಗಳೂ ಅವರು ದಿನಾ ಬೆಳಿಗ್ಗೆ ಬಂದು ಒಣ ಬಾಯಿಯ ಮುಂದೆ ಕುಳಿತು ಹೋಗುತ್ತಿದ್ದರು. ನೀರು ತಾನಾಗಿ ಮರಳಿದಾಗ ಮತ್ತೆ ಬಿಲ್ಲೆ ಹೊತ್ತರು.

ಇಂದು ಅವರ ಕೈಯಲ್ಲಿ ಇರುವುದು ಬೇರೆ ಉಪಾಯ. ನದಿದಂಡೆಯ ಮುಳ್ಳುಪೊದೆಗಳಲ್ಲಿ ಕಿತ್ತಳೆ ಬಣ್ಣದ ಚೆರ್ಮಾಂಗ್ ಹಣ್ಣು ಚಳಿಗಾಲವಿಡೀ ಹೆಪ್ಪುಗಟ್ಟಿ ನಿಲ್ಲುತ್ತದೆ. ಹುಣಸೆಯನ್ನು ನಾಚಿಸುವ ಹುಳಿ. ಅದರ ರಸ ಒಮ್ಮೆ ಚೆಲ್ಲಿ ಬಕೆಟ್ಟಿನ ಸುಣ್ಣದ ಹಕ್ಕಳೆ ಕರಗಿದ್ದನ್ನು ಕುಂಜೆಸ್ ಕಂಡಿದ್ದಾರೆ. ಅಂದಿನಿಂದ ಬಕೆಟ್ಟು, ತೊಟ್ಟಿ, ಕಾಲುವೆಗಳನ್ನು ಅದರಿಂದಲೇ ಉಜ್ಜುತ್ತಾರೆ. ಬುಗ್ಗೆಯ ಬಾಯಿಗೆ ಮಾತ್ರ ಎಂದೂ ಹಾಕಿಲ್ಲ. ಧೈರ್ಯ ಬಂದಿಲ್ಲ.

ಚೊರೊಲ್ ಪೊದೆ ಬಡಿದು ಹಣ್ಣು ತರುತ್ತಾಳೆ. ಬಟ್ಟೆಯಲ್ಲಿ ಹಿಂಡಿದ ರಸ ಬಟ್ಟಲು ತುಂಬುತ್ತದೆ. ಬಟ್ಟಲು ಹಿಡಿದ ಕೈ ಬುಗ್ಗೆಯ ಮೇಲೆ ನಿಲ್ಲುತ್ತದೆ, ಬಾಗುವುದಿಲ್ಲ. ಬಿಸಿಲು ಎದುರು ಗುಡ್ಡದಿಂದ ಅರ್ಧ ಇಳಿದರೂ ಬಾಗುವುದಿಲ್ಲ.

ಮೆಮೆ ಲುಂಡುಪ್ ಕೋಲೂರಿಕೊಂಡು ಬಂದು ಹಿಂದೆ ನಿಲ್ಲುತ್ತಾರೆ. "ನೊಮೊ, ಆ ವರ್ಷ ನನ್ನ ಹೆಂಡತಿ ಇಲ್ಲಿಗೆ ಬಂದಿದ್ಲು. ಹನ್ನೊಂದನೇ ಸ್ನಾನಕ್ಕೆ ನೀರು ನಿಂತಿತು. ನಾನು ಮನೇಲಿ ಕೂತು ನಿನ್ನನ್ನ ಬಾಯಿಗೆ ಬಂದ ಹಾಗೆ ಬೈದೆ."

ಕುಂಜೆಸ್ ತಿರುಗುವುದಿಲ್ಲ. "ಗೊತ್ತು, ಮೆಮೆ‑ಲೆ."

"ಅವಳು ಬೈಲಿಲ್ಲ. 'ಆ ಹುಡುಗಿ ನಮಗೋಸ್ಕರ ಹೊಡೆದಿದ್ದು, ಪಾಪ' ಅಂದ್ಲು. ಸುರೀ. ಇಲ್ಲಾ ಅಂದ್ರೆ ರಸ ಹೆಪ್ಪುಗಟ್ಟುತ್ತೆ, ನಾನೂ ಹೆಪ್ಪುಗಟ್ತೀನಿ."

"ಮಣ್ಣಿನ ಬಾಯಿ ಇನ್ನೂ ಮುಚ್ಚಿದೆಯಲ್ಲ, ಲು ಮಲಗಿದೆ..."

"ನೀನೇನು ಎಬ್ಬಿಸ್ತಿದ್ದೀಯಾ?"

ಕುಂಜೆಸ್ ತಮಗೆ ತಾವೇ ಹೇಳಿಕೊಳ್ಳುವಂತೆ: "ಇಲ್ಲ. ಎಬ್ಬಿಸೋದು ಬೇರೆ, ಮಲಗಿದ ಮಗೂ ಬಾಯಿ ಒರೆಸೋದು ಬೇರೆ."

ಸುರಿಯುತ್ತಾರೆ.

ಬುಸ್ಸೆನ್ನುತ್ತದೆ. ನೆಲದೊಳಗಿಂದ, ಸುಣ್ಣದ ಬಿರುಕು ಬಿರುಕಿನಿಂದ, ನೊರೆ ಉಕ್ಕಿ ಬುಸುಗುಟ್ಟುತ್ತದೆ. ಚೊರೊಲ್ ಚೀರಿ ನಾಲ್ಕು ಹೆಜ್ಜೆ ಹಿಂದೆ ಸರಿಯುತ್ತಾಳೆ. ಮುದುಕರ ಕೈ ತಾನಾಗಿ ತಲೆಯ ಟೋಪಿಗೆ ಹೋಗಿ ಅದನ್ನು ತೆಗೆಯುತ್ತದೆ. ಹುಳಿಗೆ ಸುಣ್ಣ ಕರಗುವುದೆಂಬ ಸಂಗತಿ ಮೂವರಿಗೂ ಗೊತ್ತಿದೆ. ಆದರೂ ಮೂವರೂ ಕೈ ಮುಗಿದಿದ್ದಾರೆ. ಗೊತ್ತಿರುವುದಕ್ಕೂ ನಮಿಸುವುದಕ್ಕೂ ಈ ಮರಳಿನಲ್ಲಿ ವೈರವಿಲ್ಲ.

ನೊರೆ ಇಳಿದ ಮೇಲೆ ಕುಂಜೆಸ್ ಏಪ್ರಿಕಾಟ್ ಮರದ ಕಡ್ಡಿಯಿಂದ ಮೆತ್ತಗಾದ ಪದರವನ್ನು ಕೆರೆಯುತ್ತಾರೆ, ಕಿವಿಯ ಗುಗ್ಗೆ ತೆಗೆಯುವಷ್ಟು ಮೃದುವಾಗಿ. ಮತ್ತೆ ರಸ, ಮತ್ತೆ ಬುಸ್ಸು, ಮತ್ತೆ ಕಡ್ಡಿ. ಸ್ನಾನಕ್ಕೆಂದು ಬೆಳಗಿನಿಂದ ಬಂದ ಉಳಿದವರು ಗೋಡೆಗೊರಗಿ ಬೆಣ್ಣೆ ಚಹಾ ಕುಡಿಯುತ್ತ ಕಾಯುತ್ತಾರೆ. ಏಳನೆಯ ಬಟ್ಟಲಿಗೆ ಬರುತ್ತಿದ್ದ ಕಿರುಬೆರಳಿನ ನೀರೂ ನಿಲ್ಲುತ್ತದೆ.

ಕುಂಜೆಸ್ ಕಡ್ಡಿ ಕೆಳಗಿಟ್ಟು, ಅಂಗೈಯನ್ನು ಬುಗ್ಗೆಯ ಬಾಯಿಗೆ ಹಚ್ಚಿ, ಕಣ್ಣು ಮುಚ್ಚುತ್ತಾರೆ. ಹಾಗೆ ಎಷ್ಟು ಹೊತ್ತು ಕಳೆಯಿತೋ, ಯಾರೂ ಹೇಳಲಾರರು. ಅಂಗೈ ಕೆಳಗೆ ಮೊದಲು ಒಂದು ಗುಡುಗುಡು, ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ. ಆಮೇಲೆ ಸುಣ್ಣದ ಹಾಲು. ಆಮೇಲೆ, ಮಣಿಕಟ್ಟಿನಷ್ಟು ದಪ್ಪನಾಗಿ, ಸ್ಫಟಿಕದಂತೆ ತಿಳಿಯಾಗಿ, ಭೂಮಿಯ ಒಡಲ ಬೆಂಕಿಯನ್ನು ಹೊತ್ತು ತಂದ ನೀರು.

ಅವರು ಅಳುವುದಿಲ್ಲ, ನಗುವುದೂ ಇಲ್ಲ. ಸುಟ್ಟ ಅಂಗೈಯನ್ನು ಹಿಮದಲ್ಲಿ ಅದ್ದಿ ಕೂಗುತ್ತಾರೆ: "ಚೊರೊಲ್, ಬಿಲ್ಲೆ! ಮೂರು ಸಾಲಲ್ಲ, ಐದು ತಾ! ಮೆಮೆ‑ಲೆ, ಬಟ್ಟೆ ಬಿಚ್ಚಿ, ನಾಚಿಕೆ ಸಾಕು!"

"ಈ ವಯಸ್ಸಲ್ಲಿ ನಾಚಿಕೆಯೂ ಮಂಡಿ ಹಾಗೇ, ನೊಮೊ. ಬಗ್ಗೋದಿಲ್ಲ."

ಗುಡ್ಡದ ನೆತ್ತಿಯಲ್ಲಿ ಬಿಸಿಲಿನ ಕೊನೆಯ ಅಂಚು ಇರುವಾಗಲೇ ಹತ್ತೊಂಬತ್ತನೆಯ ಸ್ನಾನ ಮುಗಿಯುತ್ತದೆ. ಕಾದಿದ್ದ ಉಳಿದವರೂ ಒಬ್ಬೊಬ್ಬರಾಗಿ ಮಿಂದು, ಮೈಯಿಂದ ಹಬೆ ಏಳುತ್ತಿರುವಂತೆಯೇ ಮನೆಗಳತ್ತ ನಡೆಯುತ್ತಾರೆ. ಚೊರೊಲ್ ಹೊರಗೆ ಬಿಲ್ಲೆ ಜೋಡಿಸುತ್ತಿದ್ದಾಳೆ; ಒಳಗೆ ಒಲೆಯ ಮುಂದೆ ಉಳಿದವರು ಇಬ್ಬರೇ. ಮುದುಕರು ಕೇಳುತ್ತಾರೆ: "ನಿಂಗೆ ಏನು ಬೇಕು, ಹೇಳು. ಮದುವೆ ಊಟ ಕಳಿಸ್ಲಾ? ಊರ ಮುಂದೆ ನಿನ್ನ ಹೆಸರು ಹೇಳ್ಲಾ?"

ಕುಂಜೆಸ್ ಬೊಬ್ಬೆ ಎದ್ದ ಅಂಗೈಗೆ ಬೆಣ್ಣೆ ಸವರಿಕೊಳ್ಳುತ್ತ ಹೇಳುತ್ತಾರೆ: "ಹೆಸರು ಯಾಕೆ? ನಾನೇನು ನೀರು ತಂದೋಳಲ್ಲ, ದಾರಿ ಬಿಟ್ಟೋಳು. ನಾಳೆ ಇಪ್ಪತ್ತು. ಬೇಗ ಬನ್ನಿ, ಅಷ್ಟು ಸಾಕು."

ಮೆಮೆ ಲುಂಡುಪ್ ಸೊಂಟ ಬಗ್ಗಿಸಿ ತಗ್ಗು ಬಾಗಿಲ ಹೊಸ್ತಿಲು ದಾಟುತ್ತಾರೆ. ಹೊರಗಿನ ಚಳಿ ಒಂದು ಹೆಜ್ಜೆ ಒಳಗಿಡುವಷ್ಟರಲ್ಲಿ, ಅವರ ಹಿಂದೆ ಬಾಗಿಲು ಮುಚ್ಚಿಕೊಳ್ಳುತ್ತದೆ.